ಅಗಲಬಾಯಿ ಬುಟ್ಟಿ

ನನಗೆ ಸಿಟ್ಟೇ ಬರುವುದಿಲ್ಲ ಎಂಬ ಮಾತು ನಮ್ಮೂರಿನಲ್ಲಿ ಬಹಳ ವರ್ಷ ಚಾಲ್ತಿಯಲ್ಲಿತ್ತು. ಹೆಣ್ಣುಮಕ್ಕಳ ಶಾಲೆಯಲ್ಲಿ ಕೂದಲು ನೆರೆಯುವವರೆಗೆ ಪಾಠ ಹೇಳಿದೆ, ಒಂದು ಮಗುವಿನ ಕಿವಿಯನ್ನೂ ಹಿಂಡಲಿಲ್ಲ. ಯಾರೋ ಬಸ್ಸಿನಲ್ಲಿ ಸರಿದು ಕೂತು ಜಾಗ ಮಾಡಿಕೊಟ್ಟರೆ, ಹೂವಿನವಳು ಮೊಳ ಅಳೆದ ಮೇಲೆ ಇನ್ನೆರಡು ಹೂವು ಸೇರಿಸಿ ಕಟ್ಟಿದರೆ, ಅದನ್ನೇ ಮನೆಗೆ ಹೊತ್ತು ತಂದು ಊಟದ ಹೊತ್ತಿನಲ್ಲಿ ಹೇಳಿ ಸಂತೋಷಪಡುವ ಹೆಂಗಸು ನಾನು. ಆ ಮಾತು ಈ ಬೇಸಿಗೆಯಲ್ಲಿ, ಪಾತ್ರೆಬೀದಿಯ ರೇವಣ್ಣನ ಅಂಗಡಿಯ ಮುಂದೆ, ಎಲ್ಲರ ಕಣ್ಣೆದುರು ಸುಳ್ಳಾಯಿತು. ಸುಳ್ಳಾದದ್ದಕ್ಕೆ ನನಗೆ ಬೇಸರವಿಲ್ಲ. ಇದನ್ನು ಬರೆಯುವಾಗಲೂ ಆ ಸಿಟ್ಟು ಆರಿಲ್ಲ; ಆರಲಿ ಎಂಬ ಆಸೆಯೂ ಇಲ್ಲ.

ನಮ್ಮೂರಿನಲ್ಲಿ ಯಾರಾದರೂ ಒಂದು ಕೆಲಸಕ್ಕೆ "ಮಾಡ್ತೀನಿ" ಎಂದರೆ ಅವರ ಅಂಗೈಯಲ್ಲಿ ಒಂದು ಹರಳು ಬಂದು ಕೂರುತ್ತದೆ. ಸಪೋಟದ ಬೀಜದಷ್ಟು ದೊಡ್ಡದು, ಅಷ್ಟೇ ಕಪ್ಪು, ಅಷ್ಟೇ ನುಣುಪು. ಕೆಲಸ ಮುಗಿದರೆ ಪುಡಿಯಾಗಿ ಹಾರಿಹೋಗುತ್ತದೆ. ಮುಗಿಯದಿದ್ದರೆ ದಿನದಿನಕ್ಕೆ ಭಾರವಾಗುತ್ತದೆ. ಹರಳನ್ನು ಕೈಯಲ್ಲಿ ಹಿಡಿದುಕೊಂಡೇ ತಿರುಗಲಾಗುವುದಿಲ್ಲವಲ್ಲ, ಅದಕ್ಕೊಂದು ಪಾತ್ರೆ ಬೇಕು. ಪ್ರಾಯಕ್ಕೆ ಬಂದವರು ಒಂದು ದಿನ ಪಾತ್ರೆಬೀದಿಗೆ ಹೋಗಿ ತಮ್ಮ ಪಾತ್ರೆ ಆರಿಸಿಕೊಳ್ಳುತ್ತಾರೆ. ಆದರೆ ಪಾತ್ರೆ ದುಡ್ಡು ಕೊಟ್ಟವರದ್ದಲ್ಲ. ಅದರಲ್ಲಿ ಮೊದಲು ಯಾರ ಹರಳು ಬೀಳುತ್ತದೋ ಅವರದ್ದು, ಬದುಕಿರುವವರೆಗೆ. ಆಮೇಲೆ ಅದರೊಳಗೆ ಯಾರು ತಮ್ಮ ಹರಳು ಹಾಕಿದರೂ ಭಾರ ಬೀಳುವುದು ಪಾತ್ರೆಯವರ ಹೆಗಲಿಗೆ. ಆ ಕೆಲಸ ಮಾಡಿ ಮುಗಿಸಬೇಕಾದವರೂ ಅವರೇ.

ಹೀಗಾಗಿ ಆರಿಸುವಾಗ ನೋಡಬೇಕಾದದ್ದು ಪಾತ್ರೆಯ ಬಾಯಿ. ಗಂಡುಮಕ್ಕಳಿಗೆ ಕಿರಿದಾದ ಕತ್ತಿನ ಹಿತ್ತಾಳೆ ಚೊಂಬು, ಮೇಲೊಂದು ತಿರುಪಿನ ಮುಚ್ಚಳ. ಕಚೇರಿಗೆ ಹೋಗುವವರು ಈಚೆಗೆ ಮರದ ಪೆಟ್ಟಿಗೆ ಇಷ್ಟಪಡುತ್ತಾರೆ. ಒಳಗೆ ಅಡ್ಡಪಟ್ಟಿ ಹಾಕಿ ಮನೆಮನೆ ಮಾಡಿರುತ್ತದೆ: ಇವತ್ತಿನದು, ನಾಳೆಯದು, ಯಾವತ್ತಾದರೂ ಮಾಡಿದರಾಯಿತು ಎನ್ನುವಂಥದ್ದು. ಕೊನೆಯ ಮನೆಯೇ ಎಲ್ಲಕ್ಕಿಂತ ದೊಡ್ಡದು. ವ್ಯಾಪಾರಸ್ಥರು ಹರಳನ್ನು ಹುರಿಯಲ್ಲಿ ಪೋಣಿಸಿಡುತ್ತಾರೆ, ಮೊದಲು ಒಪ್ಪಿದ್ದು ಮೊದಲು ಮುಗಿಯಲಿ ಎಂದು. ನಾನು ಮದುವೆಯಾಗದೆ ಓದಿ ಕೆಲಸಕ್ಕೆ ಸೇರಿದವಳಾದ್ದರಿಂದ ನನಗೊಂದು ಮುಚ್ಚಳದ ತಗಡಿನ ಡಬ್ಬಿ ದಕ್ಕಿತು. ಮದುವೆಯಾಗುವ ಹುಡುಗಿಗೆ ಮಾತ್ರ ಬೆತ್ತದ ಬುಟ್ಟಿ. ಅಗಲಬಾಯಿ ಬುಟ್ಟಿ ಎನ್ನುತ್ತಾರೆ. ಹೋಗುತ್ತ ಬರುತ್ತ ಎಲ್ಲರ ಕೈಗೆ ಸಿಗುವ ಹಾಗೆ ಅದನ್ನು ಅಡುಗೆಮನೆಯ ಬಾಗಿಲ ಪಕ್ಕ ಇಡುತ್ತಾರೆ. ಒಂದು ಮನೆಗೆ ಅಂಥದ್ದು ಒಂದೇ ಇರಬೇಕು ಎಂಬುದು ಕಟ್ಟಳೆ. ಎರಡಿದ್ದರೆ ಯಾವುದಕ್ಕೆ ಹಾಕುವುದೆಂದು ಗಂಡಸರಿಗೆ ಗೊಂದಲವಾಗುತ್ತದಂತೆ. ಅದಕ್ಕೇ ಸೊಸೆ ಹೊಸಿಲು ದಾಟಿ ಬಂದ ದಿನ ಅತ್ತೆ ತನ್ನ ಬುಟ್ಟಿಯಲ್ಲಿದ್ದುದನ್ನೆಲ್ಲ ಅವಳ ಬುಟ್ಟಿಗೆ ಸುರಿದು, ಖಾಲಿಯಾದದ್ದನ್ನು ಒಲೆಗೆ ಹಾಕುತ್ತಾಳೆ. ಆ ದಿನ ಅತ್ತೆಯರು ಅಳುತ್ತಾರೆ. ಮಗನ ಮದುವೆಯ ಸಂತೋಷ ಎಂದು ನೋಡಿದವರು ತಿಳಿಯುತ್ತಾರೆ.

ನಾನಿರುವುದು ನನ್ನ ತಮ್ಮ ದಿವಾಕರನ ಮನೆಯಲ್ಲಿ. ಅವನ ಹೆಂಡತಿ ಸರಸಿ ಮದುವೆಗೆ ಮುಂಚೆ ಊರ ಕೆರೆಯನ್ನು ಈ ದಡದಿಂದ ಆ ದಡಕ್ಕೆ ಈಜುತ್ತಿದ್ದವಳು. ಈಗ ಅವಳ ಎರಡು ಹೆಗಲೂ ಮುಂದಕ್ಕೆ ಬಾಗಿ, ಕುಪ್ಪಸದ ತೋಳು ಯಾವಾಗಲೂ ಜಾರುತ್ತಿರುತ್ತದೆ. ಅವಳ ಬುಟ್ಟಿಯನ್ನು ಅವಳಿಗೇ ಎತ್ತಲಾಗುವುದಿಲ್ಲ. ಅದನ್ನು ಬಿಟ್ಟು ಹಿತ್ತಿಲ ಬಾವಿಯಿಂದ ಆಚೆ ಹೋದರೆ ಹೆಗಲನ್ನು ಹಿಂದಿನಿಂದ ಯಾರೋ ಜಗ್ಗಿದಂತಾಗುತ್ತದಂತೆ. ಅದಕ್ಕೇ ಹೋಗುವುದನ್ನೇ ಬಿಟ್ಟಿದ್ದಾಳೆ. ದಿವಾಕರ ಕೆಟ್ಟವನಲ್ಲ. ಬಾವಿಯ ರಾಟೆ ಸರಿಮಾಡಿಸುತ್ತೇನೆ ಎನ್ನುತ್ತಾನೆ, ಹುಷಾರಿಲ್ಲದ ಚಿಕ್ಕಪ್ಪನನ್ನು ನೋಡಿಕೊಂಡು ಬರುತ್ತೇನೆ ಎನ್ನುತ್ತಾನೆ. ಎಂದವನ ಕೈ ಮಾತು ಮುಗಿಯುವ ಮೊದಲೇ ಬುಟ್ಟಿಯ ಮೇಲೆ ಚಾಚಿಕೊಂಡಿರುತ್ತದೆ. ಪಾತ್ರೆಯವರು ಕೈಯಾರೆ ಎತ್ತಿಕೊಟ್ಟರೆ ಹರಳನ್ನು ಇನ್ನೊಬ್ಬರು ತೆಗೆದುಕೊಳ್ಳಬಹುದು. ಯುಗಾದಿಯ ದಿನ ದಿವಾಕರ ಹೆಂಡತಿಯಿಂದ ಹಾಗೆ ಒಂದನ್ನು ಕೇಳಿ ಪಡೆದು ತನ್ನ ಚೊಂಬಿಗೆ ಹಾಕಿಕೊಳ್ಳುತ್ತಾನೆ, ಇದ್ದುದರಲ್ಲಿ ಹಗುರವಾದದ್ದನ್ನು. ಎಂಥ ಗಂಡ ಎಂದು ಬಂದವರ ಕಣ್ಣು ತೇವವಾಗುತ್ತದೆ. ನನ್ನದೂ ಆಗುತ್ತಿತ್ತು.

ಅವರ ಮಗಳು ವಾರಿಜಾಳಿಗೆ ಮೇಲಿನ ಬೀದಿಯ ಸುಧೀಂದ್ರನೊಂದಿಗೆ ಮದುವೆ ಗೊತ್ತಾಯಿತು. ಹುಡುಗನ ಮೇಲೆ ಒಂದು ದೂರೂ ಇರಲಿಲ್ಲ. ಯಾರು ಏನು ಕೇಳಿದರೂ ಇಲ್ಲವೆನ್ನದ ಹುಡುಗ ಎಂದು ಊರೆಲ್ಲ ಹೊಗಳುತ್ತಿತ್ತು. ಮದುವೆಗೆ ಮುಂಚೆ ಗಂಡಿನ ಮನೆಯವರು ಹುಡುಗಿಯನ್ನು ಪಾತ್ರೆಬೀದಿಗೆ ಕರೆದೊಯ್ಯುವುದು ನಮ್ಮಲ್ಲಿನ ಶಾಸ್ತ್ರ. ಹುಡುಗಿಯ ತಾಯಿಯೂ ಜೊತೆಗಿರಬೇಕು. ಸರಸಿ ಬಾವಿಯಾಚೆ ಬರುವಂತಿರಲಿಲ್ಲ, ಆದ್ದರಿಂದ ಸೋದರತ್ತೆಯಾದ ನಾನು ಹೊರಟೆ. ಹೊರಡುವಾಗ ಸರಸಿ ನನ್ನ ಸೆರಗು ಸರಿಮಾಡುವ ನೆವದಲ್ಲಿ ಹತ್ತಿರ ಬಂದಳು. "ಅತ್ತಿಗೆ, ನೀವು ಓದಿದವ್ರು. ಬುಟ್ಟೀನೇ ಬೇಡ ಅನ್ನೋ ಧೈರ್ಯ ನಂಗಿಲ್ಲ. ಒಂಚೂರು ಚಿಕ್ಕದನ್ನಾದ್ರೂ ಕೊಡ್ಸಿ," ಎಂದಳು.

ವಾರಿಜಾಳ ಮನಸ್ಸಿನಲ್ಲಿ ಬೇರೆಯೇ ಇತ್ತು. ದಾರಿಯಲ್ಲಿ ನನಗೊಬ್ಬಳಿಗೇ ಹೇಳಿದಳು. ರೇವಣ್ಣನ ಅಂಗಡಿಯ ಮೇಲಿನ ಹಲಗೆಯಲ್ಲಿ ಒಂದು ಪಿಂಗಾಣಿ ಭರಣಿ ಇದೆಯಂತೆ. ಅದರ ಕತ್ತು ಎಷ್ಟು ಸಣ್ಣದೆಂದರೆ ಅವಳ ಕೈ ಮಾತ್ರ ಹಿಡಿಸುತ್ತದೆ, ಅಪ್ಪನ ಕೈ ಹೋಗುವುದಿಲ್ಲ. ಹಿಂದಿನ ವಾರ ಒಬ್ಬಳೇ ಬಂದು ಕೈ ಹಾಕಿ ನೋಡಿದ್ದಳು. ಅದನ್ನು ಕೇಳಿದರೆ ಮದುವೆ ಮುರಿಯಬಹುದು ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ಕೇಳದಿದ್ದರೆ ಅವಳು ಇನ್ನೊಬ್ಬಳು ಸರಸಿ. ನಾನು ಅವಳ ಕೈ ಹಿಡಿದುಕೊಂಡೆ.

ಅಂಗಡಿಯ ಮುಂದೆ ಸುಧೀಂದ್ರ ಮತ್ತು ಅವನ ತಾಯಿ ಅಂಬುಜಾಕ್ಷಮ್ಮ ಆಗಲೇ ಬಂದು ನಿಂತಿದ್ದರು. ಅಂಬುಜಾಕ್ಷಮ್ಮನಷ್ಟು ಮೆತ್ತಗೆ ಮಾತಾಡುವವರು ನಮ್ಮೂರಲ್ಲಿ ಇನ್ನೊಬ್ಬರಿಲ್ಲ. ವಾರಿಜಾಳ ಗಲ್ಲ ಸವರಿ, ಇವತ್ತು ನಿನ್ನ ದಿನ ಕಂದ, ನಿನಗೆ ಯಾವುದು ಇಷ್ಟವೋ ಅದನ್ನೇ ತಗೋ ಎಂದರು. ರೇವಣ್ಣ ಒಂದಾದ ಮೇಲೊಂದು ತಂದಿಟ್ಟ. ಇದು ಕೆಂಪು ಅಂಚಿನದು, ಇದು ಹಿಡಿಕೆ ಇರುವುದು, ಇದರ ತಳ ಎರಡು ಪದರದ್ದು, ಎಷ್ಟು ತುಂಬಿದರೂ ಜಗ್ಗುವುದಿಲ್ಲ. ಎಲ್ಲವೂ ಅಗಲಬಾಯಿಯವೇ. ಹುಡುಗಿಯ ಇಷ್ಟ ಅಂಚಿನ ಬಣ್ಣದವರೆಗೆ ಮಾತ್ರ. ವಾರಿಜಾ ಕತ್ತೆತ್ತಿ ಮೇಲಿನ ಹಲಗೆ ನೋಡಿದಾಗೆಲ್ಲ ರೇವಣ್ಣ ಅದು ಉಪ್ಪಿನಕಾಯಿಗೆ ಚೆನ್ನಾಗಿರುತ್ತದೆ ಎಂದು ಮಾತು ತೇಲಿಸುತ್ತಿದ್ದ.

ಬಿಸಿಲು ಏರಿತ್ತು. ಸುಧೀಂದ್ರ ನನ್ನ ಮುಖ ನೋಡಿ, ತನ್ನ ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದು, "ಬಾಯಾರಿರತ್ತೆ ಅತ್ತೆ, ಮಜ್ಜಿಗೆ ತಂದ್ಕೊಡ್ತೀನಿ ತಾಳಿ," ಎಂದ. ನನ್ನ ಮನಸ್ಸು ತುಂಬಿಬಂತು. ಇಂಥ ಹುಡುಗನ ಮನೆಯಲ್ಲಿ ನಮ್ಮ ಹುಡುಗಿಗೆ ಏನು ಕಷ್ಟ ಬಂದೀತು, ಬುಟ್ಟಿಯಾದರೇನು ಭರಣಿಯಾದರೇನು ಎಂದುಕೊಂಡೆ. ಸರಸಿಗೆ ಹೋಗಿ ಹೇಳಬೇಕಾದ ಮಾತುಗಳನ್ನೂ ಜೋಡಿಸಿಕೊಂಡೆ. ಅವನ ಅಂಗೈಯಲ್ಲಿ ಹರಳು ಬಂದು ಕೂತಿದ್ದು ಕಂಡಿತು.

ಅಷ್ಟರಲ್ಲಿ ಆ ದಾರಿಯಲ್ಲಿ ಅವನ ಪರಿಚಯದವರೊಬ್ಬರು ಬಂದರು. ನಗುತ್ತ ಕೈ ಚಾಚಿದರು. ಸುಧೀಂದ್ರನ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹರಳು. ಕೈ ಕುಲುಕಬೇಕಲ್ಲ. ಹುಟ್ಟಿದಾಗಿನಿಂದ ತಂದೆ, ಅಜ್ಜ ಮಾಡಿದ್ದನ್ನು ನೋಡಿ ಬೆಳೆದ ಕೈ ಅದು. ನೋಡದೆಯೇ ಪಕ್ಕಕ್ಕೆ ಚಾಚಿತು, ಹತ್ತಿರದಲ್ಲಿ ಬಾಯಿ ತೆರೆದುಕೊಂಡಿದ್ದ ಕೆಂಪು ಅಂಚಿನ ಹೊಸ ಬುಟ್ಟಿಯೊಳಗೆ ಹರಳನ್ನು ಬಿಟ್ಟಿತು. ಆಮೇಲೆ ಅವರಿಬ್ಬರೂ ಕೈ ಕುಲುಕಿ, ಮದುವೆಯ ಮಾತಾಡಿ ನಕ್ಕರು. ಅವರು ಹೋದ ಮೇಲೆ ಸುಧೀಂದ್ರ ಎಡ ಹೆಗಲನ್ನು ಒಮ್ಮೆ ಕೊಡವಿದ. ಬೆನ್ನ ಹಿಂದೆ ಯಾರಾದರೂ ಕೈಯಿಟ್ಟರೇ ಎನ್ನುವಂತೆ ತಿರುಗಿ ನೋಡಿದ. ಮಜ್ಜಿಗೆ ಅವನಿಗೆ ಮರೆತೇಹೋಗಿತ್ತು.

ಬುಟ್ಟಿ ಅವನದ್ದಾಗಿತ್ತು. ಅದನ್ನು ನೋಡಿದ್ದು ನಾನು. ತಲೆ ಎತ್ತಿದರೆ ಅಂಬುಜಾಕ್ಷಮ್ಮನೂ ನೋಡಿದ್ದರು. ಅವರ ಮುಖದ ಬಣ್ಣ ಇಳಿದುಹೋಗಿತ್ತು. ಬೇರೆ ಬುಟ್ಟಿ ಕೊಳ್ಳೋಣವೆಂದರೆ, ಅತ್ತೆಯ ಬುಟ್ಟಿಯ ಬದಲಿಗೆ ಮನೆಯಲ್ಲಿ ಒಬ್ಬರ ಹೆಸರಿಗೆ ಹೊಸ ಅಗಲಬಾಯಿ ಬುಟ್ಟಿ ಬಂದ ಮೇಲೆ ಪಾತ್ರೆಬೀದಿಯಲ್ಲಿ ಯಾರೂ ಎರಡನೆಯದನ್ನು ಮಾರುವುದಿಲ್ಲ. ಅವರು ನನ್ನನ್ನು ಅಂಗಡಿಯ ಕಂಬದ ಮರೆಗೆ ಕರೆದು ಎರಡೂ ಕೈ ಹಿಡಿದುಕೊಂಡರು. ನೀವು ನೋಡಲಿಲ್ಲ, ನಾನೂ ನೋಡಲಿಲ್ಲ, ಈ ಬುಟ್ಟಿ ಇಲ್ಲೇ ಮೂಲೆಯಲ್ಲಿ ಬಿದ್ದಿರಲಿ, ಇನ್ನೊಂದಕ್ಕೆ ಹುಡುಗಿಯ ಕೈಯಿಂದ ಹರಳು ಹಾಕಿಸಿ ಮನೆಗೆ ಹೋಗೋಣ ಎಂದರು. ಮಜ್ಜಿಗೆಯ ಹರಳು ತಾನೇ, ಅವನಿಗೊಂದು ಲೋಟ ಮಜ್ಜಿಗೆ ತರಲು ನೆನಪಿಸಿದರೆ ಪುಡಿಯಾಗಿಹೋಗುತ್ತದೆ, ಆಮೇಲೆ ಯಾರಿಗೆ ಗೊತ್ತಾಗಬೇಕು ಎಂದೂ ಸೇರಿಸಿದರು. ಅವರು ಸೆರಗು ಸರಿಸಿ ಹೆಗಲು ತೋರಿಸಿದರು. ನೊಗ ಇಟ್ಟ ಎತ್ತಿನ ಕುತ್ತಿಗೆಯಂತೆ ಅಲ್ಲಿ ಚರ್ಮ ಕಪ್ಪಗೆ ದಡ್ಡುಗಟ್ಟಿತ್ತು. "ಇವತ್ತಿಗೋಸ್ಕರ ಎಷ್ಟು ವರ್ಷದಿಂದ ಕಾಯ್ತಿದೀನಿ ಗೊತ್ತಾ ಅಕ್ಕ," ಎಂದರು.

ಆಗಲಿ ಬಿಡಿ ಎಂಬ ನನ್ನ ಹಳೆಯ ಮಾತು ನಾಲಿಗೆಯ ತುದಿಗೂ ಬಂತು. ಆದರೆ ಅದರ ಬದಲು ನನಗೆ ಸಹಜವಾಗಿ ಹೊಳೆದದ್ದನ್ನೇ ಹೇಳಿದೆ, ಸಿಟ್ಟಿನಿಂದಲ್ಲ, ಅವರ ಒಳ್ಳೆಯದಕ್ಕೇ.

"ಹಾಗಾದ್ರೆ ಒಳ್ಳೇದೇ ಆಯ್ತಲ್ಲಮ್ಮ. ಮನೇಗೆ ಹೋಗಿ ನಿಮ್ಮ ಬುಟ್ಟೀಲಿರೋದನ್ನ ಮಗನ ಬುಟ್ಟಿಗೇ ಸುರಿದ್ಬಿಡಿ."

ಅವರು ನನ್ನ ಕೈ ಬಿಟ್ಟುಬಿಟ್ಟರು. ಬೆಂಕಿ ಮುಟ್ಟಿದಂತೆ ಒಂದು ಹೆಜ್ಜೆ ಹಿಂದೆ ಸರಿದರು.

"ಅವನಿಗಾ? ಅವನ ಕೈಲಿ ಆಗತ್ತಾ ಅಕ್ಕ ಇದೆಲ್ಲ?"

ಆಗ ಬಂತು ಸಿಟ್ಟು. ಎಲ್ಲಿಂದ ಬಂತೋ ತಿಳಿಯದು; ಕಾಲಿನಿಂದ ಹತ್ತಿ ಬಂದಂತಿತ್ತು. ಆ ಕಪ್ಪು ಹೆಗಲಿನ ನೋವು ಇಷ್ಟೊಂದು ಚೆನ್ನಾಗಿ ಗೊತ್ತಿರುವ ಹೆಂಗಸು, ಅದನ್ನು ಇಳಿಸಲು ಯಾರದೋ ಮನೆಯ ಮಗಳಿಗಾಗಿ ಕಾದು ಕೂತಿದ್ದಾಳೆ, ಕಣ್ಣೆದುರು ನಿಂತಿರುವ ಗಟ್ಟಿಮುಟ್ಟಾದ ಮಗನ ಹೆಗಲು ಅವಳಿಗೆ ಹೆಗಲಾಗಿಯೇ ಕಾಣುವುದಿಲ್ಲ. ಆದರೆ ನನ್ನ ಸಿಟ್ಟು ಅವರೊಬ್ಬರ ಮೇಲಿನದಾಗಿರಲಿಲ್ಲ. ಬಾಯಾರಿಕೊಂಡು ಆ ಬಿಸಿಲಿನಲ್ಲಿ ನಿಂತಿದ್ದೆನಲ್ಲ, ಬಾರದ ಮಜ್ಜಿಗೆಗಾಗಿ ಒಬ್ಬನಿಗೆ ಮನಸ್ಸಿನಲ್ಲೇ ಆಶೀರ್ವಾದ ಮಾಡಿದ್ದೆನಲ್ಲ, ಅದು ನೆನಪಾಯಿತು. ಊರೆಲ್ಲ ಹೊಗಳುವ ಆ ಹುಡುಗನ ಒಳ್ಳೆಯತನ ಇಷ್ಟು ವರ್ಷ ಯಾರ ಬುಟ್ಟಿಯಲ್ಲಿ ಬೀಳುತ್ತಿತ್ತು ಎಂಬುದು ಅವನ ತಾಯಿಯ ಹೆಗಲಿನ ಮೇಲೆಯೇ ಕಾಣುತ್ತಿತ್ತು. ಅವನು ಒಪ್ಪುತ್ತಿದ್ದ, ಅವಳು ಮಾಡುತ್ತಿದ್ದಳು, ಹೆಸರು ಅವನಿಗೆ.

ನಾನು ಕಂಬದ ಮರೆಯಿಂದ ಆಚೆ ಬಂದು, ಹಿಂದಿನ ಬೆಂಚಿಗೆ ಕೇಳಿಸುವ ಹಾಗೆ ಪಾಠ ಹೇಳುತ್ತಿದ್ದ ದನಿಯಲ್ಲಿ ರೇವಣ್ಣನನ್ನು ಕೇಳಿದೆ, ಈ ಕೆಂಪು ಅಂಚಿನ ಬುಟ್ಟಿ ಯಾರದ್ದಾಯಿತು ಎಂದು. ಅವನು ಬಟ್ಟೆ ತೆಗೆದುಕೊಂಡು ಒರೆಸಿದ್ದ ಚೊಂಬನ್ನೇ ಮತ್ತೆ ಒರೆಸತೊಡಗಿದ. ನಾನು ಅಂಗಡಿಯವನು ಮೇಡಂ, ನನ್ನನ್ನೇಕೆ ನಡುವೆ ಎಳೆಯುತ್ತೀರಿ ಎಂದ. ಒಳಗೆ ಬೆತ್ತ ಸೀಳುತ್ತ ಕೂತಿದ್ದ ಅವನ ಹೆಂಡತಿ ಎದ್ದು ಬಂದಳು. ಒಂದು ಲೋಟ ನೀರನ್ನು ನನ್ನ ಕೈಗಿಟ್ಟು, "ಹುಡುಗಂದು," ಎಂದಷ್ಟೇ ಹೇಳಿ ಮತ್ತೆ ಒಳಗೆ ಹೋದಳು. ನೀರು ಕೊಡುತ್ತೇನೆ ಎಂದು ಅವಳು ಮೊದಲು ಹೇಳಿರಲಿಲ್ಲ. ಅವಳ ಅಂಗೈಯಲ್ಲಿ ಹರಳೂ ಇರಲಿಲ್ಲ. ನಾನು ಆ ನೀರನ್ನು ಪೂರಾ ಕುಡಿದೆ.

ಅಕ್ಕಪಕ್ಕದ ಅಂಗಡಿಯವರು ಬಂದು ನಿಂತರು. ಮೇಷ್ಟ್ರಮ್ಮನಿಗೆ ಏನಾಯಿತು, ಬಿಸಿಲು ಹತ್ತಿತೇ ಎಂದು ಯಾರೋ ಹಿಂದಿನಿಂದ ನಕ್ಕರು. ಗಂಡಸಿಗೆ ಅಗಲಬಾಯಿ ಬುಟ್ಟಿ ಎಂದರೆ ಅವನಿಗೆ ಬಳೆ ತೊಡಿಸಿದ ಹಾಗೆ ಎಂದು ಇನ್ನೊಬ್ಬರು. ಸುಧೀಂದ್ರ ನಿಜಕ್ಕೂ ತಬ್ಬಿಬ್ಬಾಗಿದ್ದ. ಸಿಟ್ಟು ಮಾಡಿಕೊಳ್ಳಬೇಡಿ ಅತ್ತೆ, ಎಲ್ಲ ಸರಿಮಾ... ಎಂದವನು ಅರ್ಧಕ್ಕೇ ನಿಲ್ಲಿಸಿ ತನ್ನ ಅಂಗೈ ನೋಡಿಕೊಂಡ. ಪಾಪ ಎನ್ನಿಸಲಿಲ್ಲ. ಅಂಬುಜಾಕ್ಷಮ್ಮ ಅಳುತ್ತ, ಇಷ್ಟು ಸಣ್ಣದಕ್ಕೆ ಒಂದು ಮದುವೆ ನಿಲ್ಲಿಸುತ್ತೀರಾ ಎಂದು ಕೇಳಿದರು.

"ಸಣ್ಣದೇ ಅಮ್ಮ," ಎಂದೆ. "ಒಂದೊಂದೂ ಸಣ್ಣದೇ. ನಮ್ಮ ಸರಸಿ ಬಾವಿಯಿಂದ ಆಚೆ ಕಾಲಿಡೋಕಾಗ್ದೆ ಕೂತಿರೋದು ಇಂಥ ಸಣ್ಣಸಣ್ಣದ್ರಿಂದಲೇ. ಅವಳು ಕೆರೆ ಈಜ್ತಿದ್ಲು. ನಿಮ್ಮ ಮಗನ ಕೈಲಿ ಆಗಲ್ಲ ಅಂದ್ರಲ್ಲ, ಅವಳ ಕೈಲಿ ಆಗತ್ತೆ ಅಂತ ಯಾರು ನೋಡಿದ್ರು? ಯಾರಾದ್ರೂ ಕೇಳಿದ್ರಾ?"

ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದ ವಾರಿಜಾ ಸ್ಟೂಲು ಎಳೆದುಕೊಂಡು ಹತ್ತಿ ಮೇಲಿನ ಹಲಗೆಯಿಂದ ಪಿಂಗಾಣಿ ಭರಣಿಯನ್ನು ತಾನೇ ಇಳಿಸಿಕೊಂಡಳು. ಅದೇ ಸ್ಟೂಲಿನ ಮೇಲೆ ಕೂತು, ಅದನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಕೆಲಸ ನಾನು ಮಾಡ್ತೀನಿ ಎಂದಳು. ಹರಳು ಭರಣಿಯ ತಳ ಮುಟ್ಟಿದ ಸದ್ದು ಆಳದಿಂದ ಕೇಳಿಸಿತು. ಆಮೇಲೆ ಸುಧೀಂದ್ರನ ಕಡೆ ತಿರುಗಿದಳು.

"ನಿಮ್ಮ ಬುಟ್ಟಿ ನೀವು ಹೊತ್ಕೊಂಡು ಮನೇಗೆ ಹೋಗಿ. ಮದುವೆ ಮಂಟಪಕ್ಕೂ ಹೊತ್ಕೊಂಡು ಬಂದ್ರೆ ನಾನೂ ಬಂದು ಕೂರ್ತೀನಿ. ಬರ್ತೀನಿ, ಮಾಡ್ತೀನಿ ಅಂತ ಮಾತ್ರ ಈಗ ಹೇಳ್ಬೇಡಿ. ಸುಮ್ನೆ ಎತ್ಕೊಳ್ಳಿ."

ಅವನು ತಾಯಿಯನ್ನು ನೋಡಿದ. ಅವರ ಸೆರಗು ಹೆಗಲಿನಿಂದ ಇನ್ನೂ ಸರಿದೇ ಇತ್ತು. ಆ ದಡ್ಡುಗಟ್ಟಿದ ಜಾಗವನ್ನು ಅವನು ಅದೇ ಮೊದಲ ಸಲ ನೋಡುತ್ತಿದ್ದಾನೆಂದು ಅವನ ಮುಖ ಹೇಳುತ್ತಿತ್ತು. ಒಂದೇ ಮನೆಯಲ್ಲಿ ಅಷ್ಟು ವರ್ಷ ಇದ್ದೂ. ಏನೂ ಮಾತಾಡದೆ ಬುಟ್ಟಿಯನ್ನು ಹೆಗಲಿಗೇರಿಸಿ ಹೊರಟ. ಪಾತ್ರೆಬೀದಿಯ ಜನ ಅಗಲಬಾಯಿ ಬುಟ್ಟಿ ಕಂಡ ಅಭ್ಯಾಸಕ್ಕೆ ಬಿದ್ದು, ದಾರಿಯುದ್ದಕ್ಕೂ ಕೈಯಲ್ಲಿದ್ದ ಹರಳುಗಳನ್ನು ಅದಕ್ಕೆ ಹಾಕತೊಡಗಿದರು. ಯಾರ ಹೆಗಲೆಂದು ಯಾರೂ ತಲೆ ಎತ್ತಿ ನೋಡಲಿಲ್ಲ. ಬೀದಿಯ ತಿರುವಿಗೆ ಬರುವಷ್ಟರಲ್ಲಿ ಅವನು ಬಾಗಿಹೋಗಿದ್ದ. ಅಲ್ಲಿ ನಿಂತು ಬುಟ್ಟಿ ಇಳಿಸಿ, ಅಂಗಿಯ ಮೇಲಿದ್ದ ಶಲ್ಯ ತೆಗೆದು ಬುಟ್ಟಿಯ ಬಾಯಿಗೆ ಬಿಗಿಯಾಗಿ ಕಟ್ಟಿದ. ನಮ್ಮೂರಿನಲ್ಲಿ ಇಷ್ಟು ತಲೆಮಾರಿನ ಹೆಂಗಸರಿಗೆ ಹಾಗೆ ಕಟ್ಟಬಹುದೆಂದು ಯಾರೂ ಹೇಳಿರಲಿಲ್ಲ. ಅವನಿಗೆ ಅದು ಹೊಳೆಯಲು ಒಂದು ಬೀದಿ ಸಾಕಾಯಿತು. ಅದನ್ನು ನೋಡಿ ನನ್ನ ಸಿಟ್ಟು ಇಳಿಯುವ ಬದಲು ಇನ್ನಷ್ಟು ಏರಿತು.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಊಟದ ಹೊತ್ತು. ಸ್ನಾನ ಮುಗಿಸಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದಿವಾಕರ ನನ್ನನ್ನು ನೋಡಿದ್ದೇ ತಡ ಕೂಗಾಡಿದ. ನೀನೇನಾ ಅಕ್ಕ ಇದನ್ನು ಮಾಡಿದ್ದು, ಇಷ್ಟು ವರ್ಷ ಒಂದು ಗಟ್ಟಿ ಮಾತಾಡದವಳು ಮಗಳ ಬಾಳಿಗೆ ಕಲ್ಲು ಹಾಕಿದೆಯಲ್ಲ, ಗಂಡಿನ ಮನೆಯವರ ಮುಂದೆ ಇನ್ನು ಹೇಗೆ ಮುಖವೆತ್ತಲಿ ಎಂದ. ನಾನು ಸರಸಿಯ ಕಡೆ ತಿರುಗಿ ಪಾತ್ರೆಬೀದಿಯಲ್ಲಿ ನಡೆದದ್ದನ್ನು ಮೊದಲಿನಿಂದ ಹೇಳಿದೆ. ಮಜ್ಜಿಗೆ, ಕೈ ಕುಲುಕಿದ್ದು, ಅವನಿಗಾ ಎಂದು ತಾಯಿ ಕೇಳಿದ್ದು, ಶಲ್ಯ ಕಟ್ಟಿದ್ದು, ಎಲ್ಲ. ಅವಳು ಗಂಡನ ಊಟದ ತಟ್ಟೆಯನ್ನು ಒರೆಸುತ್ತ ಕೇಳಿಸಿಕೊಂಡಳು. ವಾರಿಜಾಳ ಮಡಿಲಲ್ಲಿದ್ದ ಭರಣಿಯನ್ನು ಒಮ್ಮೆ ಬಗ್ಗಿ ನೋಡಿದಳು. ಶಲ್ಯದ ಮಾತು ಬಂದಾಗ ಒರೆಸುವ ಕೈ ನಿಂತಿತು.

ದಿವಾಕರನ ಕೂಗು ನಿಂತಿರಲಿಲ್ಲ. "ನಾಳೆ ಬೆಳಿಗ್ಗೇನೇ ಹೋಗಿ ಅವರ ಕೈಕಾಲು ಹಿಡ್ದು ಎಲ್ಲಾ ಸರಿಮಾಡ್ಕೊಂಡು ಬರ್ತೀನಿ," ಎಂದ. ಎಂದವನ ಕೈ, ಎಂದಿನಂತೆ, ನೋಡದೆ, ಬಾಗಿಲ ಪಕ್ಕದ ಬುಟ್ಟಿಯ ಮೇಲೆ ಚಾಚಿತು.

ಸರಸಿ ಅವಸರವನ್ನೇನೂ ಮಾಡಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಬುಟ್ಟಿಯ ಮೇಲಕ್ಕೆ, ಅವನ ಕೈಯ ಕೆಳಕ್ಕೆ ಸರಿಸಿದಳು, ಅಷ್ಟೇ. ಹರಳು ಠಣ್ ಎಂದು ತಟ್ಟೆಗೆ ಬಿತ್ತು. ದಿವಾಕರ ಎಡ ಹೆಗಲನ್ನು ಕೊಡವಿ, ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ.

"ನಿಮ್ಮ ತಟ್ಟೇನೇ," ಎಂದಳು ಸರಸಿ. "ಇದಕ್ಕೆ ಮುಚ್ಚಳ ಇಲ್ಲ ನೋಡಿ."

ಮಣೆ ಹಾಕಿ ತಟ್ಟೆಯನ್ನು ಅದರ ಮುಂದಿಟ್ಟಳು. ಆಮೇಲೆ ಬುಟ್ಟಿಯ ಪಕ್ಕ ಕೂತು, ತೋಳು ಮುಳುಗುವವರೆಗೆ ಕೈ ಹಾಕಿ, ತಳದಲ್ಲಿದ್ದುದನ್ನು ಹುಡುಕಿ ತೆಗೆದಳು. ಬಾವಿಯ ರಾಟೆಯದು. ಎತ್ತಲು ಎರಡು ಕೈ ಬೇಕಾಯಿತು. ಅದನ್ನು ಅವನ ಕೈಗೆ ಕೊಡಲಿಲ್ಲ, ತಟ್ಟೆಯಲ್ಲಿ ಇಟ್ಟಳು. ಚಿಕ್ಕಪ್ಪನದನ್ನು ಅದರ ಪಕ್ಕದಲ್ಲಿಟ್ಟಳು. ಇನ್ನೊಂದು, ಮತ್ತೊಂದು. ಅವನು ಬಾಯಿ ತೆರೆದ, ಏನಾದರೂ ಹೇಳಿದರೆ ಇನ್ನೊಂದು ಹರಳು ಬರುತ್ತದೆಂದು ನೆನಪಾಗಿ ಮುಚ್ಚಿಕೊಂಡ. ಅವಳು ಎದ್ದು ನಿಂತಳು, ಬೆನ್ನಿಗೆ ಕೈಯಿಟ್ಟು ಒಮ್ಮೆ ನೆಟ್ಟಗಾದಳು. ತಟ್ಟೆಯಲ್ಲಿ ಉಳಿದಿದ್ದ ಸ್ವಲ್ಪ ಜಾಗದಲ್ಲಿ ಅನ್ನ ಬಡಿಸಿದಳು.